ಆ ಸೈಕಲ್ಲಿಗೆ ನಾನು ಕಟ್ಟಿದ ಬೆಲೆ

ಬ್ರೇಕಿಲ್ಲದ ಸೈಕಲ್ಲನ್ನು ನಾನು ಮೊದಲ ಸಲ ನೋಡಿದ್ದು ಹುತ್ತೂರಿನ ಕೋದಂಡರಾಮಪ್ಪನ ಮನೆ ಅಂಗಳದಲ್ಲಿ, ೧೯೮೪ರ ಬೇಸಿಗೆಯಲ್ಲಿ. ಕೋಲಾರದ ಬಸ್ ಸ್ಟ್ಯಾಂಡ್ ಹಿಂದೆ ಹದಿನೆಂಟು ವರ್ಷದಿಂದ ಸೈಕಲ್ ಶಾಪ್ ಇಟ್ಟುಕೊಂಡವನು ನಾನು, ಹಿದಾಯತುಲ್ಲಾ. ಹಾಲಿನ ಕ್ಯಾನು ಹೊರುವ ಸೈಕಲ್ಲು, ರೇಷ್ಮೆ ಸೊಪ್ಪು ಹೊರುವ ಸೈಕಲ್ಲು, ಗಂಡ ಹೆಂಡತಿ ಎರಡು ಮಕ್ಕಳನ್ನು ಒಟ್ಟಿಗೇ ಹೊರುವ ಸೈಕಲ್ಲು, ಎಲ್ಲದರ ಸೊಂಟವೂ ನನಗೆ ಗೊತ್ತು. ಅದಕ್ಕೇ ಕ್ಯಾಲನೂರು ಕಾಲೋನಿಯ ದೊಡ್ಡಮುನಿಯಪ್ಪ ನನ್ನನ್ನು ಕರೆದುಕೊಂಡು ಹೋಗಿದ್ದ.

"ನೋಡಿ ಒಂದು ಮಾತು ಹೇಳು ಭಾಯ್. ಬೆಲೆಗೆ ತಕ್ಕದ್ದಾ, ಅಲ್ವಾ. ಅಷ್ಟೇ ಸಾಕು."

ಅವನ ಮಗ ಕದಿರಪ್ಪನಿಗೆ ಆಗ ಇಪ್ಪತ್ತೊಂದು. ತೋಟದಲ್ಲಿ ಸೊಪ್ಪು ಕೊಯ್ದ ಗಳಿಗೆಯಿಂದ ಅದು ಬಾಡುವ ಮೊದಲು ಹುಳದ ಮನೆಗಳಿಗೆ ಮುಟ್ಟಿಸುವುದು ಅವನ ಕೂಲಿ. ಎರಡು ಮೂಟೆ ಹೇರಿಕೊಂಡು, ಕೋಲಾರದ ಏರಿನಲ್ಲಿ ಬಸ್ಸನ್ನು ಹಿಂದೆ ಹಾಕುತ್ತಿದ್ದ. ಹುಳದ ಮನೆಯ ಹೊಸಿಲು ಮಾತ್ರ ದಾಟುವಂತಿಲ್ಲ. ಮೂಟೆ ಹೊರಗೆ ಇಳಿಸಿ, ದೂರ ನಿಂತು ಕೂಗಬೇಕು. ಇವನು ತಂದ ಸೊಪ್ಪು ತಿಂದರೆ ಹುಳಕ್ಕೆ ಏನೂ ಆಗುವುದಿಲ್ಲ, ಇವನ ನೆರಳು ಬಿದ್ದರೆ ಮಾತ್ರ ರೋಗ ಬರುತ್ತದೆ ಎಂದು ನಂಬಿದ್ದ ಜನ.

ಸರ್ಕಾರದ ಒಂದು ಇಲಾಖೆಯಲ್ಲಿ ಆಟಗಾರರ ಕೋಟಾದ ನಾಲ್ಕು ಕೆಲಸ ಬಿದ್ದಿದ್ದವು, ಸೈಕಲ್ ಓಟಗಾರರಿಗೆ. ವಯಸ್ಸಿನ ಮಿತಿ ಇಪ್ಪತ್ತೊಂದು, ಅಂದರೆ ಕದಿರನಿಗೆ ಇದೇ ಮೊದಲು, ಇದೇ ಕೊನೆ. ಬೆಂಗಳೂರಲ್ಲಿ ಓಟ. ಮಾಮೂಲಿ ಸೈಕಲ್ಲು ತಂದವರನ್ನು ಮೈದಾನಕ್ಕೇ ಬಿಡುವುದಿಲ್ಲ, ಟ್ರ್ಯಾಕ್ ಸೈಕಲ್ಲೇ ಬೇಕು ಎಂದು ಪೇಪರಿನಲ್ಲಿ ಬರೆದಿತ್ತು. ನಮ್ಮ ಸುತ್ತಿನಲ್ಲಿ ಅಂಥದ್ದು ಇದ್ದದ್ದು ಒಂದೇ, ಕೋದಂಡರಾಮಪ್ಪನದು. ಅವನು ಸೈಕಲ್ ಸಂಘವೊಂದರ ಕಾರ್ಯದರ್ಶಿ. ಅರ್ಜಿಗೆ ಅವನ ಸಹಿಯೇ ಬೇಕು. ಆರಿಸುವ ಸಾಹೇಬರ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುವವನೂ ಅವನೇ.

ಆಳು ಸೈಕಲ್ಲನ್ನು ಜಗಲಿಯಿಂದ ಇಳಿಸಿ ಅಂಗಳಕ್ಕೆ ತಂದ. ನಾನು ಸುತ್ತ ಒಂದು ಸಲ ತಿರುಗಿ ನೋಡಿದೆ.

"ಬ್ರೇಕೆಲ್ಲಿ ಸ್ವಾಮಿ?"

"ಇರಲ್ಲ."

"ಫ್ರೀವೀಲು?"

"ಅದೂ ಇರಲ್ಲ. ಇದು ಟ್ರ್ಯಾಕ್ ಸೈಕಲ್ಲು ಸಾಬ್ರೇ, ನಿಮ್ಮ ಸೊಪ್ಪಿನ ಗಾಡಿ ಅಲ್ಲ. ಚಕ್ರ ತಿರುಗೋವರೆಗೂ ಪೆಡಲ್ಲೂ ತಿರುಗ್ತದೆ. ಮಧ್ಯದಲ್ಲಿ ಕಾಲು ನಿಲ್ಲಿಸಿದ್ರೆ ಎತ್ತಿ ಬಿಸಾಕ್ತದೆ."

ದೊಡ್ಡಮುನಿಯಪ್ಪ ನನ್ನ ಕಿವಿಗೆ ಬಾಯಿಟ್ಟ. "ಬ್ರೇಕಿಲ್ಲ, ಬೆಲ್ಲಿಲ್ಲ, ಮಡ್‌ಗಾರ್ಡಿಲ್ಲ, ಸ್ಟ್ಯಾಂಡಿಲ್ಲ. ಇಷ್ಟೆಲ್ಲ ಇಲ್ಲದ್ದಕ್ಕೆ ಎರಡು ಸಾವಿರ ಅಂತಾನಲ್ಲ ಭಾಯ್, ಎಲ್ಲಾ ಇದ್ದಿದ್ರೆ ಎಷ್ಟು ಅಂತಿದ್ದ?"

ನಗು ಬಂತು. ಆದರೆ ಸೈಕಲ್ಲನ್ನು ಎತ್ತಿದ ಕೂಡಲೇ ನಗು ಹೋಯಿತು. ಓಟದ ಗಾಡಿ ಎರಡು ಬೆರಳಿಗೆ ಬರಬೇಕು. ಇದಕ್ಕೆ ಎರಡು ಕೈ ಬೇಕಾಯಿತು. ಸ್ಪ್ಯಾನರಿನಿಂದ ಫ್ರೇಮನ್ನು ತಟ್ಟಿದೆ. ನೀರಿನ ಪೈಪು ತಟ್ಟಿದ ಹಾಗೆ ದಪ್ಪ ಸದ್ದು. ಹ್ಯಾಂಡಲ್ ಹಿಡಿದು ಪಕ್ಕಕ್ಕೆ ಒತ್ತಿದರೆ ಹಿಂದಿನ ಭಾಗ ಬಳುಕಿತು. ಪೆಡಲನ್ನು ಹಿಂದಕ್ಕೆ ಜಗ್ಗಿದೆ. ಹಿಂದಿನ ಹಲ್ಲುಚಕ್ರ ಒಂದು ಎಳೆ ಸಡಿಲವಾಯಿತು. ಅದು ಬಿಚ್ಚಿಕೊಳ್ಳದ ಹಾಗೆ ಹಿಡಿದಿಡುವ ಉಲ್ಟಾ ಥ್ರೆಡ್ಡಿನ ರಿಂಗನ್ನೇ ಹಾಕಿರಲಿಲ್ಲ. ಮೇಲೆ ಕೆಂಪು ಬಣ್ಣ, ಬಿಳಿ ಪಟ್ಟೆ. ಯಾವ ಕಂಪನಿಯದು ಅಂತ ಹೆಸರೂ ಇಲ್ಲ. ಓಟದ ಸೈಕಲ್ಲುಗಳಲ್ಲೇ ಎಲ್ಲಕ್ಕಿಂತ ಕೆಳಗಿನ ದರ್ಜೆಯದು, ದೊಡ್ಡ ಮನೆಯ ಮಕ್ಕಳು ನಾಲ್ಕು ದಿನ ಆಡಿ ಮೂಲೆಗೆ ಒರಗಿಸುವಂಥದ್ದು.

ಹೊರಗೆ ಹುಣಸೆ ಮರದ ಕೆಳಗೆ ಅಪ್ಪ ಮಗ ಇಬ್ಬರಿಗೂ ಹೇಳಿದೆ. "ನಾನೂರು. ಅದರ ಮೇಲೆ ಕೊಡೋದೆಲ್ಲ ದಂಡ."

"ಓಡಲ್ವಾ ಭಾಯ್?" ಅಂದ ಕದಿರ.

"ಓಡುತ್ತೆ. ಹಲ್ಲುಚಕ್ರಕ್ಕೆ ನಾನು ಬೆಸುಗೆ ಹಾಕಿ ಕೊಡ್ತೀನಿ, ಬಿಚ್ಚಲ್ಲ. ಆದ್ರೆ ನೀನು ಎದ್ದು ತುಳಿದಾಗ ಫ್ರೇಮು ಬಾಗುತ್ತೆ. ನಿನ್ನ ಬಲದಲ್ಲಿ ಅರ್ಧ ಅದೇ ತಿನ್ನುತ್ತೆ."

ದೊಡ್ಡಮುನಿಯಪ್ಪ ಬೀಡಿ ಹಚ್ಚಿದವನು ಎಳೆಯುವುದನ್ನೇ ಮರೆತ. ನೋಡ ನೋಡುತ್ತಿದ್ದಂತೆ ಅವನ ಮುಖ ಅರಳಿತು.

"ನಾನೂರರ ಗಾಡಿ, ಅಲ್ವಾ? ಅದು ನಿನ್ನ ಬಾಯಿಂದ ಬಂತು. ಎರಡು ಸಾವಿರ ಯಾಕೆ ಕೇಳ್ತಾನೆ ಹಂಗಾದ್ರೆ? ಆವಯ್ಯನಿಗೆ ಗೊತ್ತಿಲ್ವಾ ಇದರ ಬೆಲೆ? ಯೋಚನೆ ಮಾಡು ಭಾಯ್."

"ಯಾಕೆ?"

"ಮಿಕ್ಕಿದ್ದು ಕೆಲಸಕ್ಕೆ ಕಣಪ್ಪಾ! ಬಾಯಿ ಬಿಟ್ಟು ಕೇಳ್ತಾರಾ ಅಂಥೋರು?"

ನಾನು ಅಲ್ಲ ಎನ್ನಲಿಲ್ಲ. ನಮ್ಮ ಸೀಮೆಯಲ್ಲಿ ಲಂಚವನ್ನು ಯಾರೂ ಲಂಚ ಎಂದು ಕೇಳುವುದಿಲ್ಲ. ಜಮೀನಿನ ಪಟ್ಟಾ ಮಾಡಿಕೊಡುವ ರೆವಿನ್ಯೂ ಇನ್‌ಸ್ಪೆಕ್ಟರಿಗೆ ಹುಂಜ ಇಷ್ಟವಾಗುತ್ತದೆ. ಸಾಲದ ಅರ್ಜಿ ಹಿಡಿದ ಗುಮಾಸ್ತನ ಮಗಳಿಗೆ ಮದುವೆ ಗೊತ್ತಾಗುತ್ತದೆ. ಹಳೆ ಸೈಕಲ್ಲಿಗೆ ಐದು ಪಟ್ಟು ಬೆಲೆ ಹೇಳುವುದೂ ಅದೇ ಭಾಷೆ ಎಂದು ನನಗೂ ಅನ್ನಿಸಿತು. ಕೂಲಿ ಮಾಡುವವರು ಹುಟ್ಟಿದಾಗಿನಿಂದ ಕಲಿಯುವ ಭಾಷೆ ಅದು. ಸ್ಲೇಟು ಬಳಪ ಬೇಕಿಲ್ಲ.

ಎರಡು ಸಾವಿರ ಎಲ್ಲಿಂದ ಬರಬೇಕು? ಇದ್ದದ್ದು ಒಂದು ಸೀಮೆಹಸು. ದೊಡ್ಡಮುನಿಯಪ್ಪನ ಹೆಂಡತಿ ಅಕ್ಕಯಮ್ಮ ಕರುವಿನಿಂದ ಸಾಕಿದ್ದು, ಹೊತ್ತಿಗೆ ನಾಲ್ಕು ಲೀಟರು ಕೊಡುತ್ತಿತ್ತು. "ಹಸು ಕೊಟ್ಟು ಸೈಕಲ್ಲು ಹೊಡ್ಕೊಂಡು ಹೋಗು" ಅಂದ ಕೋದಂಡರಾಮಪ್ಪ.

ಮುಂದಿನ ಶುಕ್ರವಾರ ಹಸು ಅವನ ಅಂಗಳಕ್ಕೆ ಬಂತು. ಅವತ್ತು ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ಸಂತೆಯಲ್ಲಿ ದನದ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೈ ಮೇಲೆ ಟವಲ್ ಮುಚ್ಚಿ, ಒಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಆದರೆ ಕಾಲೋನಿಯವರ ಜೊತೆ ಯಾರೂ ಟವಲ್ ಹಾಕುವುದಿಲ್ಲ, ಬೆರಳು ಮುಟ್ಟಬೇಕಲ್ಲ. ಅವರ ದನದ ಬೆಲೆ ನಾಲ್ಕು ಜನರ ಮುಂದೆ ಗಟ್ಟಿಯಾಗಿ, ಬೈಗುಳದ ಹಾಗೆ ಬೀಳುತ್ತದೆ. ಅಂಥದ್ದರಲ್ಲಿ ಕೋದಂಡರಾಮಪ್ಪ ಜಗಲಿ ಇಳಿದು ಬಂದು, ಹೆಗಲ ಮೇಲಿನ ಟವಲ್ ತೆಗೆದು, ದೊಡ್ಡಮುನಿಯಪ್ಪನ ಕೈ ಮೇಲೆ ಹಾಕಿ, ಒಳಗೆ ಅವನ ಬೆರಳು ಹಿಡಿದ. ಟವಲ್ಲಿನ ಮೇಲಿಂದಲೇ ಗೊತ್ತಾಯಿತು, ಎರಡು ಬೆರಳು, ಅಂದರೆ ಎರಡು ಸಾವಿರ. ಒತ್ತಿದ.

ದೊಡ್ಡಮುನಿಯಪ್ಪನ ಕಣ್ಣಲ್ಲಿ ನೀರು.

ದಾರಿಯಲ್ಲಿ ಅವನ ಮಾತು ನಿಲ್ಲಲೇ ಇಲ್ಲ. "ಮುಟ್ಟಿದ ಭಾಯ್! ಅವರಪ್ಪ ನಮ್ಮಪ್ಪನಿಗೆ ಕೂಲಿ ಕಾಸು ನೆಲದ ಮೇಲೆ ಎಸೀತಿದ್ದ. ಇವನು ನನ್ನ ಕೈ ಹಿಡಿದ. ಒತ್ತಿದ್ದು ನೋಡಿದ್ಯಾ? ಬರೀ ಹಸುವಿಗೆ ಹಂಗೆ ಒತ್ತುತ್ತಾರಾ ಯಾರಾದ್ರೂ? ಅದು ಮಾತು ಕೊಟ್ಟಿದ್ದು."

"ಅಪ್ಪನಿಗೆ ಕೈ ಹಿಡಿಸ್ಕೊಂಡು ಮದುವೆ ಆದಂಗೆ ಆಗಿದೆ" ಎಂದು ಕದಿರ ನಕ್ಕ. ಅವನಿಗೂ ನಂಬಿಕೆ ಬಂದಿತ್ತು. ಬಂದ ಸಂತೋಷದಲ್ಲಿ ಹೊಸ ಗಾಡಿ ಹತ್ತಿ, ಇಳಿಜಾರಿನಲ್ಲಿ ಹಳೆ ಅಭ್ಯಾಸದಂತೆ ಕಾಲು ನಿಲ್ಲಿಸಿದ. ಪೆಡಲು ಎತ್ತಿ ಬಿಸಾಕಿತು. ಮೊಣಕೈ ಚರ್ಮ ಕಿತ್ತುಹೋಯಿತು. "ಗೌರ್ಮೆಂಟು ಗಾಡಿ ಕಣೋ, ಸುಮ್ನೆ ಕೂರೋಕೆ ಬಿಡಲ್ಲ" ಅಂದ ಅಪ್ಪ. ಮೂವರೂ ನಕ್ಕೆವು. ನಾವು ಮೂವರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಎರಡು ತಿಂಗಳು ಕದಿರ ಬೆಳಗಿನ ಹೊತ್ತು ಕೆರೆ ಏರಿಯ ಮೇಲೆ ತುಳಿದ, ಆಮೇಲೆ ಸೊಪ್ಪು ಹೊತ್ತ. ಮನೆಯಲ್ಲಿ ಹಾಲಿಲ್ಲ. ಅಕ್ಕಯಮ್ಮ ರಾಗಿ ಗಂಜಿ ಕಾಸಿ ಡಬ್ಬಿಯಲ್ಲಿ ಕಳಿಸುತ್ತಿದ್ದಳು. ನಾನು ಹಲ್ಲುಚಕ್ರಕ್ಕೆ ಹಿತ್ತಾಳೆ ಬೆಸುಗೆ ಹಾಕಿದೆ, ಕಡ್ಡಿ ಬಿಗಿ ಮಾಡಿದೆ. ಬಾಗುವ ಫ್ರೇಮಿಗೆ ನನ್ನ ಶಾಪಿನಲ್ಲಿ ಮದ್ದಿರಲಿಲ್ಲ.

ಬೆಂಗಳೂರಿಗೆ ಮೂವರೂ ಹೋದೆವು. ಮೈದಾನದಲ್ಲಿ ಉಳಿದವರ ಸೈಕಲ್ಲುಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಒಬ್ಬ ಹುಡುಗಿ ತನ್ನ ಅಣ್ಣನ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ನಿಂತಿದ್ದಳು. ಕದಿರ ಬರಿಗಾಲಲ್ಲಿ ಹತ್ತಿದ. ಹತ್ತು ಸುತ್ತಿನ ಓಟ. ಆರು ಸುತ್ತು ಮೂರನೆಯವನಾಗಿದ್ದ. ಏಳನೆಯದರಲ್ಲಿ ಎದ್ದು ತುಳಿಯತೊಡಗಿದ. ಅಲ್ಲಿಂದ ಹಿಂದಿನ ಚಕ್ರ ಫ್ರೇಮಿಗೆ ಉಜ್ಜಲು ಶುರುವಾಯಿತು. ಅವನು ನಮ್ಮ ಮುಂದೆ ಹಾದು ಹೋದಾಗೆಲ್ಲ ಸುಟ್ಟ ರಬ್ಬರಿನ ವಾಸನೆ. ಅವನು ಎಷ್ಟು ಜೋರಾಗಿ ತುಳಿದನೋ ಗಾಡಿ ಅಷ್ಟೇ ಜೋರಾಗಿ ಅವನನ್ನು ಹಿಡಿದು ನಿಲ್ಲಿಸುತ್ತಿತ್ತು. ಐದನೆಯವನಾಗಿ ಬಂದ. ಕೆಲಸ ನಾಲ್ಕು.

ದೊಡ್ಡಮುನಿಯಪ್ಪ ಹೆದರಲಿಲ್ಲ. "ಓಟ ಬರೀ ನಾಟಕ ಭಾಯ್. ಅಗೋ ನೋಡು, ಕುರ್ಚಿಯಲ್ಲಿ ಕೂತವ್ನೆ ನಮ್ಮಪ್ಪ" ಎಂದು ದೂರದಿಂದಲೇ ಕೋದಂಡರಾಮಪ್ಪನಿಗೆ ಕೈ ಮುಗಿದ. ಅವನು ಸಾಹೇಬರ ಜೊತೆ ಟೀ ಕುಡಿಯುತ್ತಿದ್ದ.

ಪಟ್ಟಿ ಬಂದದ್ದು ಹದಿನೆಂಟು ದಿನಕ್ಕೆ. ನಾಲ್ಕು ಹೆಸರು. ಕದಿರಪ್ಪನದು ಇರಲಿಲ್ಲ. ಮೂವರೂ ಹುತ್ತೂರಿಗೆ ಹೋದೆವು.

"ಐದನೆಯವನಾಗಿ ಬಂದ, ನಾಲ್ಕು ಜನನ್ನ ತಗೊಂಡ್ರು. ನಾನೇನು ಮಾಡ್ಲಿ?" ಅಂದ ಕೋದಂಡರಾಮಪ್ಪ ಜಗಲಿಯ ಮೇಲಿಂದ.

"ಸ್ವಾಮಿ, ಆ ಮಿಕ್ಕಿದ್ದು..." ದೊಡ್ಡಮುನಿಯಪ್ಪನ ನಾಲಗೆ ತಡವರಿಸಿತು.

"ಯಾವ ಮಿಕ್ಕಿದ್ದು?"

"ಗಾಡಿ ನಾನೂರರದ್ದು ಸ್ವಾಮಿ. ಮಿಕ್ಕಿದ್ದು ಹುಡುಗನ ಕೆಲಸಕ್ಕೆ ಅಂತ..."

"ಏಂ ಮಾತಪ್ಪಾ ಇದು! ಸೈಕಲ್ ಬೆಲೆ ಎರಡು ಸಾವಿರ ಅಂದೆ. ನೀನೇ ಸಾಬಿನ್ನ ಕರ್ಕೊಂಡು ಬಂದು ತಟ್ಟಿ ಕುಟ್ಟಿ ನೋಡಿ ತಗೊಂಡೆ. ಕೆಲಸ ಅನ್ನೋ ಮಾತು ನನ್ನ ಬಾಯಲ್ಲಿ ಬಂತಾ?"

"ಟವಲ್ ಹಾಕಿ ಬೆರಳು ಒತ್ತಿದ್ರಲ್ಲ ಸ್ವಾಮಿ?"

"ಹಸು ವ್ಯಾಪಾರಕ್ಕೆ ಟವಲ್ ಹಾಕದೆ ಕಂಬಳಿ ಹಾಕ್ತಾರಾ?" ಅವನು ನಕ್ಕ. "ನಿಮ್ಮ ಕಥೆ ಚೆನ್ನಾಗಿದೆ. ಮುಟ್ಟದಿದ್ರೆ ಮುಟ್ಟಲಿಲ್ಲ ಅಂತ ಪೇಪರ್‌ಗೆ ಬರೀತೀರಿ. ಮುಟ್ಟಿದ್ರೆ ಲಂಚ ತಗೊಂಡ ಅಂತೀರಿ. ನಿಮ್ಮ ಜೊತೆ ಮನುಷ್ಯ ಹೆಂಗಪ್ಪಾ ಬಾಳೋದು?"

ಅವನು ಸುಳ್ಳು ಹೇಳಿರಲಿಲ್ಲ. ಅವನು ಸುಳ್ಳು ಹೇಳಬೇಕಾದ ಅಗತ್ಯವೇ ಇರಲಿಲ್ಲ. ಮಾತಿಲ್ಲದ ಕಡೆ ಮಾತು ಕೇಳಿಸಿಕೊಂಡವರು ನಾವು. ನಾಲ್ಕು ತಲೆಮಾರು ನಮ್ಮನ್ನು ಹಾಗೆ ಬಗ್ಗಿಸಿ, ಹುಬ್ಬಿನ ಅಲುಗಾಟದಲ್ಲಿ ಅಪ್ಪಣೆ ಓದುವುದನ್ನು ಕಲಿಸಿ, ಈಗ ತಪ್ಪು ಓದಿದಿರಿ ಎಂದು ನಗುವವರು ಅವರು. ಕೊಟ್ಟಿಗೆಯಲ್ಲಿ ಹಸು ಕದಿರನ ದನಿ ಕೇಳಿ ಕೂಗಿತು.

ಆಮೇಲೆ ಅಕ್ಕಯಮ್ಮ ಅದೇ ಕೊಟ್ಟಿಗೆಯ ಸಗಣಿ ಬಾಚುವ ಕೂಲಿಗೆ ಸೇರಿದಳು. ಅವಳು ಒಳಗೆ ಬಂದರೆ ಹಸು ತಾನಾಗಿ ಹಾಲು ಇಳಿಸಿ ಸೊರೆ ಬಿಡುತ್ತಿತ್ತಂತೆ. ಕೆಚ್ಚಲು ಮುಟ್ಟಲು ಅವಳಿಗೆ ಅಪ್ಪಣೆ ಇರಲಿಲ್ಲ.

ದಸರಾ ಕಳೆದ ಮೇಲೆ ಒಂದು ಮಧ್ಯಾಹ್ನ ದೊಡ್ಡಮುನಿಯಪ್ಪ ಸೈಕಲ್ಲನ್ನು ಕ್ಯಾಲನೂರಿನಿಂದ ತಳ್ಳಿಕೊಂಡೇ ಶಾಪಿಗೆ ಬಂದ. ಹಿಂದೆ ಕದಿರ. ಅಪ್ಪನ ದವಡೆ ಒಳಗೆ ಇಳಿದಿತ್ತು.

"ಇನ್ನೊಂದು ಸಲ ನೋಡು ಭಾಯ್."

"ಏನು ನೋಡೋದು?"

"ಬೆಲೆ. ಅವತ್ತು ಅವಸರದಲ್ಲಿ ನೋಡಿದ್ಯೋ ಏನೋ. ಇಂಥ ಗಾಡಿ ನೀನೂ ಮೊದಲ ಸಲ ನೋಡಿದ್ದಲ್ವಾ? ಸರಿಯಾಗಿ ನೋಡು. ಊರಲ್ಲಿ ಎಲ್ಲಾ ನಗ್ತಾರೆ. ದೊಡ್ಡಮುನಿಯಪ್ಪ ಕೈ ಹಿಡಿಸ್ಕೊಂಡು ಹಸು ಕೊಟ್ಟ ಅಂತಾರೆ. ಎರಡು ಸಾವಿರದ ಗಾಡೀನೇ ಆಗಿದ್ರೆ ನಾನು ಮೋಸ ಹೋಗಿಲ್ಲ, ಅಲ್ವಾ? ವ್ಯಾಪಾರ ಮಾಡಿದೀನಿ, ಅಷ್ಟೇ. ನೋಡಿ ಹೇಳು."

ಹೊಟ್ಟೆಗಿಲ್ಲ ಎಂದು ಅವನು ಯಾವತ್ತೂ ನನ್ನ ಮುಂದೆ ಕೈ ಚಾಚಿದವನಲ್ಲ. ಈಗ ಚಾಚಿದ್ದ. ಕೇಳುತ್ತಿದ್ದದ್ದು ಒಂದು ಸುಳ್ಳು. ನಾನು ಕೂತು ಸ್ಪ್ಯಾನರಿನಿಂದ ಫ್ರೇಮನ್ನು ತಟ್ಟಿದೆ. ಅದೇ ಪೈಪಿನ ಸದ್ದು. ಹಿಂದಿನ ಚಕ್ರ ಉಜ್ಜಿದ ಜಾಗದಲ್ಲಿ ಬಣ್ಣ ಹೋಗಿ ಕಬ್ಬಿಣ ಕಾಣುತ್ತಿತ್ತು. ಅದರ ಮೇಲೆ ಅಂಗೈ ಇಟ್ಟೆ.

"ಅವತ್ತು ನಾನು ಸರಿಯಾಗಿ ನೋಡಿರಲಿಲ್ಲ, ಮುನಿಯಪ್ಪಣ್ಣ. ಎರಡು ಸಾವಿರದ ಗಾಡೀನೇ ಇದು."

ಅವನು ಉಸಿರು ಬಿಟ್ಟ. ಎಷ್ಟೋ ವಾರದಿಂದ ಕಟ್ಟಿದ್ದ ಉಸಿರು.

"ಗಾಡಿಯಲ್ಲಿ ದೋಷ ಇಲ್ಲ?"

"ಇಲ್ಲ."

ಅವನು ನಿಧಾನವಾಗಿ ಮಗನ ಕಡೆ ತಿರುಗಿದ. ಆಗ ಗೊತ್ತಾಯಿತು ನಾನು ಏನು ಮಾಡಿದೆ ಅಂತ.

"ಗಾಡಿ ಸರಿ ಇತ್ತಂತೆ ಕಣೋ." ದನಿ ತಣ್ಣಗಿತ್ತು. "ಎರಡು ಸಾವಿರದ ಗಾಡಿ ಕಾಲ ಕೆಳಗೆ ಇಟ್ಕೊಂಡು ಐದನೆಯವನಾಗಿ ಬಂದ್ಯಾ? ನಿನ್ನಮ್ಮ ಸಾಕಿದ ಹಸು ತಿಂದುಹಾಕಿದ್ಯಲ್ಲೋ. ನಿನ್ನ ಕಾಲಲ್ಲಿ ಸತ್ವ ಇಲ್ಲ ಅಂತ ಮೊದಲೇ ಹೇಳೋಕೇನಾಗಿತ್ತು?"

ಕದಿರ ನನ್ನ ಮುಖ ನೋಡಿದ. ಹುಣಸೆ ಮರದ ಕೆಳಗೆ ನಾನು ಹೇಳಿದ್ದನ್ನು ಕೇಳಿದ್ದವನು ಅವನು. ಆ ರಬ್ಬರಿನ ವಾಸನೆ ಕುಡಿದುಕೊಂಡೇ ಕೊನೆಯ ನಾಲ್ಕು ಸುತ್ತು ತುಳಿದವನು. ನಿಜ ಹೇಳಿದರೆ ಅಪ್ಪ ಮೂರ್ಖ, ಹೇಳದಿದ್ದರೆ ಮಗ ಕೈಲಾಗದವನು. ಇಬ್ಬರಲ್ಲಿ ಒಬ್ಬನನ್ನು ನಾನೇ ಆರಿಸಬೇಕಿತ್ತು. ಹಸು ಹೊಡೆದುಕೊಂಡು ಹೋದವನು ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಕದಿರನೇ ಹೇಳಿದ. "ಹೌದಪ್ಪ. ಗಾಡಿ ಚೆನ್ನಾಗಿತ್ತು. ನನ್ನ ಕೈಲಿ ಆಗ್ಲಿಲ್ಲ."

"ಕೇಳಿದ್ಯಾ ಭಾಯ್?" ಅಂದ ದೊಡ್ಡಮುನಿಯಪ್ಪ. ಅವನ ಮುಖದಲ್ಲಿ ಒಂದು ನೆಮ್ಮದಿ ಇತ್ತು. ಅಂಥ ನೆಮ್ಮದಿಯನ್ನು ನಾನು ಇನ್ನೊಂದು ಸಲ ನೋಡಲಾರೆ. "ಅವನೇ ಒಪ್ಕೊಂಡ."

ಆ ಸೋಮವಾರ ಕದಿರ ಮಾಲೂರಿನ ಇಟ್ಟಿಗೆ ಗೂಡಿಗೆ ಹೋದ. ಅಲ್ಲಿ ಓಟ ಇರಲಿಲ್ಲ, ಪಟ್ಟಿ ಇರಲಿಲ್ಲ. ಬಂದವರನ್ನೆಲ್ಲ ತೆಗೆದುಕೊಳ್ಳುತ್ತಿದ್ದರು.