ನಾಲ್ಕು ಬೆರಳು ಸಡಿಲ

ಬೆಳೆಯುವ ಮಕ್ಕಳ ಬಟ್ಟೆಗೆ ನಾಲ್ಕು ಬೆರಳು ಸಡಿಲ ಬಿಡುವುದು ಅವಳಿಗೆ ಉಸಿರಾಡಿದಷ್ಟೇ ಸಹಜ. ಚಳಿನಾಡಿನ ಆ ಕಡಲೂರಿನಲ್ಲಿ ಹೊಲಿಗೆಯಲ್ಲೇ ಸಂಸಾರ ಸಾಗಿಸಿದವಳು. ಅಲೆಗಳ ಮೇಲೆ ಹಲಗೆ ಸವಾರಿ ಕಲಿಯುತ್ತಿದ್ದ ಮಗಳಿಗೆ, ತಣ್ಣೀರಲ್ಲಿ ಮೈ ಬೆಚ್ಚಗಿಡುವ ರಬ್ಬರಿನ ವೆಟ್‌ಸೂಟ್ ಕೊಡಿಸಲು ಹೋದಾಗಲೂ ಕೈ ತಾನಾಗಿಯೇ ಮಗಳ ಸೊಂಟದ ಬಳಿ ಸಡಿಲ ಹುಡುಕಿತು.

"ಉಸಿರು ಕಟ್ಟೋ ಹಾಗಿದೆಯಲ್ರೀ ಇದು. ಒಂದು ಅಳತೆ ದೊಡ್ಡದು ಕೊಡಿ."

"ಚರ್ಮದ ಹಾಗೆ ಅಂಟ್ಕೊಂಡಿರ್ಬೇಕಮ್ಮಾ," ಅಂದ ಅಂಗಡಿಯವನು. "ಒಳಗೆ ಬಂದ ಚೂರು ನೀರು ಮೈಬಿಸಿಗೆ ಕಾದು ಅಲ್ಲೇ ನಿಲ್ಬೇಕು."

"ಬೆಳೆಯೋ ಹುಡುಗಿ. ಬರೋ ವರ್ಷ ಇದನ್ನ ಯಾರು ಹಾಕ್ಕೋತಾರೆ, ನೀವಾ?"

ಅವನು ಹೊಟ್ಟೆ ಸವರಿಕೊಂಡು ನಕ್ಕ. "ನನ್ನ ತೋಳಿಗೂ ಸಾಲಲ್ಲ ಬಿಡಿ. ಆದ್ರೆ ಹುಷಾರು. ಬಿಸಿಲು ಬಂತು ಅಂತ ನಂಬಬೇಡಿ. ದಡಕ್ಕೆ ಬೇಸಿಗೆ ಬಂದ್ರೂ ಸಮುದ್ರಕ್ಕೆ ಇನ್ನೂ ಚಳಿಗಾಲವೇ. ಅಷ್ಟು ನೀರು ಕಾಯೋದು ನಿಧಾನ."

"ಅದಕ್ಕೇ ದಪ್ಪದ್ದು ತಗೊಳ್ತಿರೋದು."

ದಪ್ಪವಿದ್ದರೆ ಸಾಕಲ್ಲ, ಕಂಬಳಿಗೆ ಯಾರಾದರೂ ಅಳತೆ ತೆಗೆಯುತ್ತಾರೆಯೇ ಎಂದುಕೊಂಡಳು. ಮಗಳು ದೊಡ್ಡ ಅಳತೆಯದನ್ನು ತೊಟ್ಟು ಕನ್ನಡಿಯಲ್ಲಿ ನೋಡಿಕೊಂಡು, "ಅಮ್ಮ, ನಾನು ಆನೆಮರಿ ಥರ ಕಾಣ್ತೀನಿ," ಎಂದಳಷ್ಟೆ.

ಭಾನುವಾರ ಬಿಸಿಲು ಹಿತವಾಗಿತ್ತು. ಗಿರಾಕಿಯೊಬ್ಬರ ಕೋಟು ಮುಗಿಸಿ ತಾಯಿ ಮಗಳನ್ನು ದಡಕ್ಕೆ ಕರೆತರುವಷ್ಟರಲ್ಲಿ ತಡವಾಗಿತ್ತು; ಸವಾರಿ ಕಲಿಸುವ ಹೆಂಗಸು ಉಳಿದ ಮಕ್ಕಳೊಂದಿಗೆ ಆಗಲೇ ನೀರಿಗಿಳಿದಿದ್ದಳು. ಮಕ್ಕಳು ಅವಳನ್ನು ನೀರುನಾಯಿ ಎನ್ನುತ್ತಿದ್ದರು. ಅವಳಿಗೆ ಅದು ಬಿರುದು. ಸೂಟನ್ನು ಯಾರೂ ನೋಡಲಿಲ್ಲ. ಮಗಳು ಹಲಗೆ ಎತ್ತಿಕೊಂಡು ಓಡಿದಳು. ತಾಯಿ ಮರಳ ಮೇಲೆ ಕೂತು, ಬೆನ್ನಿಗೆ ಬಿಸಿಲು ಕಾಯಿಸಿಕೊಂಡಳು.

ಮೊದಮೊದಲು ಮಗಳು ಬಿದ್ದು ಎದ್ದು ನಗುತ್ತಿದ್ದಳು. ಆಮೇಲೆ ನಗು ನಿಂತಿತು. ಆಮೇಲೆ ಅಲೆಗಳು ಬಂದರೂ ಏಳದೆ ಹಲಗೆಯ ಮೇಲೆ ಬೋರಲು ಮಲಗಿಯೇ ಇದ್ದಳು. ದಣಿದಿರಬೇಕು ಎಂದುಕೊಂಡಿದ್ದ ತಾಯಿ, ನೀರುನಾಯಿ ಸರ್ರನೆ ಅತ್ತ ತಿರುಗಿದ್ದು ಕಂಡು ನೀರಿನತ್ತ ಓಡಿದಳು.

ದಡಕ್ಕೆ ತಂದು ನಿಲ್ಲಿಸಿದಾಗ ಸೂಟಿನ ಕಾಲುಗಳಿಂದ ಕೊಡ ಬಗ್ಗಿಸಿದಂತೆ ನೀರು ಸುರಿಯಿತು. ಅದು ತಾಯಿಯ ಪಾದಕ್ಕೆ ತಾಗಿತು. ಐಸಿನ ನೀರು. ಪ್ರತಿ ಅಲೆಗೂ ಹೊಸ ನೀರು ಒಳಹೊಕ್ಕು ಮಗಳ ಬಿಸಿಯನ್ನು ಕದ್ದೊಯ್ದಿತ್ತು, ತಾನು ಬಿಟ್ಟ ಆ ಜಾಗದಿಂದಲೇ.

ಮಗಳ ತುಟಿ ನೀಲಿಗಟ್ಟಿತ್ತು. ತಾಯಿ ಅವಳ ಕೈ ತಿಕ್ಕಲು ಹೋದಳು.

"ಉಜ್ಜಬೇಡಿ, ಅಕ್ಕಾ! ಒದ್ದೆ ಬಿಚ್ಚಿ, ಒಣಗಿದ್ದು ಸುತ್ತಿ. ಮೆತ್ತಗೆ," ಎಂದಳು ನೀರುನಾಯಿ. ಗಾಳಿಗೆ ಬೆನ್ನೊಡ್ಡಿ ಟವೆಲನ್ನು ಪರದೆಯಾಗಿ ಹಿಡಿದಳು. ನಾಯಿಯೊಂದಿಗೆ ವಾಕಿಂಗ್ ಬಂದಿದ್ದ ಮುದುಕರೊಬ್ಬರು ಏನೂ ಕೇಳದೆ ಕೂತು, ತಮ್ಮ ಉಣ್ಣೆಯ ಕಾಲುಚೀಲ ಕಳಚಿ ಕೊಟ್ಟರು. ಬರಿಗಾಲಿಗೆ ಬೂಟು ತೂರಿಸಿಕೊಂಡು, "ಕಾರು ತರ್ತೀನಿ, ಡಾಕ್ಟ್ರ ಹತ್ರ ಹೋಗೋಣ," ಎಂದು ಎದ್ದರು.

ನೀರುನಾಯಿ ಮರಳ ಮೇಲಿದ್ದ ಸೂಟನ್ನು ಎತ್ತಿ ನೋಡಿದಳು. "ಇದರೊಳಗೆ ಇಬ್ಬರು ಹಿಡಿಸ್ತಾರಲ್ಲೇ. ಯಾರು ಆರಿಸಿದ್ದು?"

"ನಾ... ನಾನೇ, ಅಕ್ಕ," ಎಂದಳು ಹುಡುಗಿ, ಹಲ್ಲು ಕಟಕಟಿಸುತ್ತ. "ಅಮ್ಮ ಬೇ... ಬೇಡ ಅಂದ್ಲು."

ಮಗಳು ಬಯ್ದಿದ್ದರೆ ತಾಯಿ ತಡೆದುಕೊಳ್ಳುತ್ತಿದ್ದಳು.

"ಸುಳ್ಳು ಹೇಳ್ತಿದ್ದಾಳೆ," ಎಂದಳು. "ನಾನು ಕೊಡಿಸಿದ್ದು. ಅಂಗಡಿಯವರು ಬೇಡ ಅಂದ್ರೂ."

ನೀರುನಾಯಿ ಸೂಟನ್ನು ತಾಯಿಯ ಕಣ್ಣಿಗೆ ಕಾಣದಂತೆ ಹಲಗೆಯ ಹಿಂದೆ ಸರಿಸಿದಳು.

"ಎಷ್ಟು ನಡುಗ್ತಿದ್ದಾಳೆ ನೋಡಿ," ಎಂದು ತಾಯಿ ಅಳತೊಡಗಿದಳು.

"ನಡುಗ್ಲಿ ಅಕ್ಕಾ. ಮೈ ಇನ್ನೂ ಹೋರಾಡ್ತಿದೆ ಅಂತ. ನಡುಕ ನಿಂತು ತೂಕಡಿಸಿದ್ರೆ ಮಾತ್ರ ತಕ್ಷಣ ಹೇಳಿ."

ತಾಯಿ ಮಗಳನ್ನು ಎದೆಗೆ ಒತ್ತಿಕೊಂಡಳು, ನಡುವೆ ಬೆರಳೂ ತೂರದಷ್ಟು ಬಿಗಿಯಾಗಿ. ಕಾರಿನ ಸದ್ದಿಗೆ ಕಿವಿಗೊಟ್ಟು, ಈ ನಡುಕ ಮಾತ್ರ ನಿಲ್ಲದಿರಲಿ ಎಂದು ಬೇಡಿಕೊಳ್ಳುತ್ತ ಕೂತಳು.