ಸೀಳದ ತೊಡೆ

ಅಣ್ಣನ ಪಾಲಿನ ಹಂದಿತೊಡೆಯನ್ನು ಸೀಳಬೇಡ ಎಂದವಳು ಮೋನಿಕಾಳೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಸಿಂಬು ಕಣಿವೆಯ ಜನ ಅವಳ ಗಂಡನನ್ನು ದೂರಿದರು, ಕಲ್ಲು ಕಾಯಿಸಿದವರನ್ನು ದೂರಿದರು, ಸತ್ತುಹೋದ ಹಿರಿಯರನ್ನೂ ಬಿಡಲಿಲ್ಲ.

ಮಗ ಗಾಂದೆಗೆ ಐದು ತುಂಬಿತ್ತು. ಮಗು ಬದುಕಿ ಬೆಳೆದರೆ ತಾಯಿಯ ತವರಿಗೆ ಹಂದಿಯ ಪಾಲು ಕೊಡಬೇಕು. ಮಗುವಿನ ಮೈಯ ರಕ್ತ ಅವರದಲ್ಲವೇ. ಗಂಡ ಕೆರೆಂಗ ಮೂರು ಹಂದಿ ಕಡಿದ. ಮಾಂಸ ಹೂತು ಬೇಯಿಸುವ ಕುಳಿಯಲ್ಲಿ ಕಾದ ಕಲ್ಲು, ಬಾಳೆಲೆ, ಗೆಣಸು ಹಾಸಿದ್ದಾಯಿತು. ದೊಡ್ಡ ಹಂದಿಯ ಹಿಂದಿನ ತೊಡೆಯನ್ನು ಎಲುಬಿನವರೆಗೆ ಸೀಳಲು ಅವನು ಕತ್ತಿ ಎತ್ತಿದ.

"ಅದನ್ನ ಮುಟ್ಬೇಡ. ಅದು ನಮ್ಮಣ್ಣಂದು," ಎಂದಳು ಮೋನಿಕಾ.

"ಒಳಗೆ ಬೇಯಲ್ಲ ಕಣೇ."

"ಹೋದ್ಸಲ ನಿನ್ನ ದೊಡ್ಡಪ್ಪಂಗೆ ಇಡೀ ತೊಡೆ ಕೊಟ್ಟೆ. ನಮ್ಮಣ್ಣಂಗೆ ಚೂರು ಚೂರಾ? ಸೀಳಿದ್ರೆ ಕೊಬ್ಬೆಲ್ಲ ಕಲ್ಲಿಗೆ ಇಳಿದುಹೋಗುತ್ತೆ. ಸಪ್ಪೆ ನಾರು ತಿನ್ನೋಕೆ ಅವ್ನು ಎರಡು ಬೆಟ್ಟ ಹತ್ತಿ ಬರ್ಬೇಕಾ?"

ಕೆರೆಂಗ ಕತ್ತಿ ಇಳಿಸಿದ. ಹೆಂಡತಿಯ ತವರಿನ ಸುದ್ದಿಗೆ ಹೋಗಿ ಗೆದ್ದ ಗಂಡಸು ಆ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ.

ಮಧ್ಯಾಹ್ನ ಕುಳಿ ತೆರೆದಾಗ ತೊಡೆ ಹೊರಗೆ ಮೆತ್ತಗಾಗಿ, ಕೊಬ್ಬು ಮಿನುಗುತ್ತಿತ್ತು. ಅಣ್ಣ ಸಿಯುನೆ ಅದನ್ನು ಹೆಗಲಿಗೇರಿಸಿ ಎಲ್ಲರಿಗೂ ತೋರಿಸಿದ. ಮೋನಿಕಾಳಿಗೆ ಎದೆ ತುಂಬಿ ಬಂತು. ಆಮೇಲೆ ಅವನು ಕೂತು, ಎಲುಬಿಗಂಟಿದ ಮಾಂಸ ಕಿತ್ತು ಗಾಂದೆಯ ಬಾಯಿಗಿಟ್ಟ.

"ತಿನ್ನೋ ಅಳಿಯರಾಯ! ವರ್ಷವೆಲ್ಲ ಗೆಣಸು ತಿಂದು ನೀನೂ ಗೆಣಸೇ ಆಗಿದೀಯ."

ಒಳಗಿನ ಮಾಂಸ ಇನ್ನೂ ಕೆಂಪಗಿತ್ತು. ಮೋನಿಕಾ ಅದನ್ನು ನೋಡಿದಳು. ಅಣ್ಣ ಕೊಡುವ ತುತ್ತನ್ನು ಎಲ್ಲರೆದುರು ತಡೆಯುವುದು ಹೇಗೆ?

ಮೂರನೆಯ ದಿನ ಹುಡುಗ ಹೊಟ್ಟೆ ಹಿಡಿದುಕೊಂಡು ಮುದುಡಿದ. ಆಮೇಲೆ ರಕ್ತಭೇದಿ. ಸಿಯುನೆಯೇ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಆರೋಗ್ಯ ಕೇಂದ್ರಕ್ಕೆ ಓಡಿದ, ಮೋನಿಕಾ ಹಿಂದೆ. ನರ್ಸಮ್ಮ ಉಬ್ಬಿದ ಹೊಟ್ಟೆ ಮುಟ್ಟಿ ನೋಡಿ ಕೇಳಿದ್ದು ಒಂದೇ ಮಾತು.

"ಹಂದಿ ತಿಂದ್ನಾ?"

ಇಬ್ಬರೂ ಹೌದೆಂದು ತಲೆಯಾಡಿಸಿದರು.

"ಚೆನ್ನಾಗಿ ಬೆಂದಿದ್ರೆ ಮೈಗೆ ಹತ್ತೋದು. ಅರೆಬೆಂದದ್ರಲ್ಲಿ ವಿಷ ಆಗುತ್ತೆ. ಬರೀ ಗೆಣಸು ತಿಂದು ಬೆಳೆದ ಮಕ್ಕಳ ಹೊಟ್ಟೆಗೆ ಅದನ್ನ ಮುರಿಯೋ ಶಕ್ತಿ ಇರಲ್ಲಮ್ಮ. ಕರುಳೇ ಕೊಳೆಯುತ್ತೆ."

ಮರುದಿನ ಮಧ್ಯಾಹ್ನ ಗಾಂದೆ ಹೋದ. "ಅಮ್ಮಾ, ನೀರು" ಎಂದದ್ದೇ ಕೊನೆ.

ಮಣ್ಣು ಮಾಡಿದ ದಿನ ಮತ್ತೆ ಹಂದಿ ಕಡಿದರು. ಮಗು ಸತ್ತರೂ ತಾಯಿಯ ತವರಿಗೆ ಪಾಲು ಹೋಗಲೇಬೇಕು. ಕೆರೆಂಗ ಹಿಂದಿನ ತೊಡೆಯನ್ನು ಹಾಗೆಯೇ ಕುಳಿಯಂಚಿಗಿಟ್ಟು ಹೆಂಡತಿಯ ಮುಖ ನೋಡಿದ. ಅವನಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ.

ಮೋನಿಕಾ ಅವನ ಕೈಯಿಂದ ಕತ್ತಿ ಕಿತ್ತುಕೊಂಡಳು. ಮೊದಲ ಏಟು ಎಲುಬಿಗೇ ತಾಗಿತು. ಆಮೇಲೆ ಇನ್ನೊಂದು. ತವರಿನ ಮುದುಕರು ಗೊಣಗಿದರು: ಇದೆಂಥ ಮರ್ಯಾದೆ? ಸಿಯುನೆ ಎದ್ದು ಬಂದ. ಬೈಯುತ್ತಾನೆ ಅಂದುಕೊಂಡರು ಎಲ್ಲರೂ. ಅವನು ಕುಕ್ಕರಗಾಲಲ್ಲಿ ಕೂತು ತೊಡೆ ಜಾರದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದ.

"ಸೀಳ್ಬೇಡ ಅಂದಿದ್ದು ನಾನೇ ಅಣ್ಣ," ಎಂದಳು ಅವಳು. "ನಿಂಗೆ ಇಡೀದು ಸಿಗ್ಲಿ ಅಂತ."

"ತಿನ್ಸಿದ್ದು ನಾನಲ್ವಾ? ಕಡಿ ತಂಗಿ. ಇನ್ನೂ ಸಣ್ಣಗೆ ಕಡಿ."

ಅವಳು ಕಡಿಯುತ್ತಲೇ ಹೋದಳು, ಐದು ವರ್ಷದ ಬಾಯಿಗೆ ಹಿಡಿಸುವಷ್ಟು ಚೂರಾಗುವವರೆಗೆ.