ನೂರನೆಯ ಪಾದ

ಚೂಟಿ ನನ್ನ ಚಿಕ್ಕಪ್ಪನ ಮಗಳು. ನನಗಿಂತ ಇಪ್ಪತ್ತು ದಿನ ಚಿಕ್ಕವಳು. ಆ ಇಪ್ಪತ್ತು ದಿನಕ್ಕೆ ನನ್ನನ್ನು ಅಕ್ಕ ಅನ್ನುತ್ತಾಳೆ. ಅದೊಂದರಲ್ಲಿ ಮಾತ್ರ ನಾನು ಅವಳಿಗಿಂತ ಮುಂದೆ. ಇಬ್ಬರಿಗೂ ಒಂದೇ ಮೆಡಿಕಲ್ ಕಾಲೇಜು, ಒಂದೇ ಹಾಸ್ಟೆಲ್ ಕೋಣೆ, ಒಂದೇ ಪುಸ್ತಕ. ನಾನು ಮೂರು ಸಲ ಓದಿದರೂ ತಲೆಗೆ ಹತ್ತದ ನರರೋಗದ ಪಾಠ ಅವಳಿಗೆ ನೀರು ಕುಡಿದಷ್ಟು ಸಲೀಸು. ರೋಗಿಯ ಪಕ್ಕ ಕೂತು ನಾಲ್ಕು ಪ್ರಶ್ನೆ ಕೇಳಿ, ಕೆಟ್ಟಿರುವುದು ಮಿದುಳೋ ಬೆನ್ನುಹುರಿಯೋ ಹೇಳಿಬಿಡುತ್ತಾಳೆ. ಸ್ಕ್ಯಾನ್ ಆಮೇಲೆ ಬಂದು ಹೌದಮ್ಮ ಅನ್ನುತ್ತದೆ. ನನಗೆ ಹೊಟ್ಟೆಕಿಚ್ಚು. ಸುತ್ತಿಬಳಸಿ ಹೇಳುವುದೇನಿದೆ.

ನಮ್ಮ ಪ್ರೊಫೆಸರಿಗೆ ನಾವಿಟ್ಟ ಹೆಸರು ಸುತ್ತಿಗೆ ಸರ್. ಮಂಡಿಗೆ ತಟ್ಟುವ ರಬ್ಬರ್ ಸುತ್ತಿಗೆ ಸದಾ ಅವರ ಜೇಬಿನಲ್ಲಿ. ನೂರು ಆರೋಗ್ಯವಂತ ಪಾದ ನೋಡದವರು ರೋಗದ ಪಾದ ಮುಟ್ಟಕೂಡದು ಅನ್ನುವುದು ಅವರ ಕಟ್ಟಪ್ಪಣೆ. ಬೀಗದ ಕೈಯಿಂದ ಅಂಗಾಲಿನ ಹೊರ ಅಂಚನ್ನು ಹಿಮ್ಮಡಿಯಿಂದ ಮೇಲಕ್ಕೆ ಗೀರಬೇಕು. ಹೆಬ್ಬೆರಳು ಕೆಳಕ್ಕೆ ಬಾಗಿದರೆ ಸರಿ. ಮೇಲಕ್ಕೆದ್ದರೆ ಮಿದುಳಿನಿಂದ ಇಳಿಯುವ ನರದ ದಾರಿಯಲ್ಲಿ ಎಲ್ಲೋ ಪೆಟ್ಟಾಗಿದೆ ಎಂದು ಅರ್ಥ. ತಿಂಗಳ ಕೊನೆಗೆ ಸರ್ ಒಬ್ಬರನ್ನು ಆರಿಸಿ, ಆರು ತಿಂಗಳು ತಮ್ಮ ವಾರ್ಡಿನಲ್ಲಿ ಜೊತೆಗಿಟ್ಟುಕೊಂಡು ಕಲಿಸುತ್ತಾರೆ. ಆ ಜಾಗ ನನಗೆ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅದು ಚೂಟಿಗೆ ಸಿಗಬಾರದಿತ್ತು.

ತೊಂಬತ್ತೊಂಬತ್ತು ಪಾದ ಮುಗಿಸುವಷ್ಟರಲ್ಲಿ ನಾನು ಮೂವರಿಗೆ ಇಲ್ಲದ ರೋಗ ಅಂಟಿಸಿದ್ದೆ: ವಾಚ್‌ಮನ್, ಅಡುಗೆಯವಳು, ಹಾಸ್ಟೆಲ್ ವಾರ್ಡನ್. ವಾರ್ಡನ್ ಪಾಪ ಎರಡು ದಿನ ಊಟ ಬಿಟ್ಟಿದ್ದರು. "ಇವಳು ಮುಟ್ಟಿದ್ರೆ ಸಾಕು, ಹೆಬ್ಬೆರಳು ಎದ್ದು ನಿಲ್ಲುತ್ತೆ" ಅಂತ ಕ್ಲಾಸಿನವರ ಗೇಲಿ.

ನೂರನೆಯದು ಸರ್ ಎದುರಿಗೇ ಆಗಬೇಕಿತ್ತು. ಅವರು ಚೂಟಿಗೆ ಮಂಚದ ಮೇಲೆ ಮಲಗಲು ಹೇಳಿದರು.

"ಸರ್, ನನಗೆ ಕಚಗುಳಿ ಜಾಸ್ತಿ. ಬೇರೆ ಯಾರಾದ್ರೂ ಮಲಗಲಿ."

"ಕಚಗುಳಿಯಿಂದ ಯಾರೂ ಸತ್ತಿಲ್ಲ, ಮಲಗಮ್ಮ."

ಒಲ್ಲದ ಮನಸ್ಸಿನಿಂದ ಒಂದು ಕಾಲಿನ ಸಾಕ್ಸ್ ತೆಗೆದಳು. ನಾನು ಗೀರಿದೆ. ಹೆಬ್ಬೆರಳು ನಿಧಾನವಾಗಿ ಮೇಲಕ್ಕೆದ್ದಿತು, ಉಳಿದ ಬೆರಳುಗಳು ಬೀಸಣಿಗೆಯಂತೆ ಬಿಚ್ಚಿಕೊಂಡವು. ಇನ್ನೊಮ್ಮೆ ಗೀರಿದೆ. ಮತ್ತೆ ಹಾಗೇ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗಾದದ್ದು ಖುಷಿ. ಚೂಟಿಯಲ್ಲೂ ಒಂದು ಕುಂದು ಸಿಕ್ಕಿತ್ತು.

"ಮೇಲಕ್ಕೆ ಹೋಯ್ತು ಸರ್."

ಇಡೀ ಕ್ಲಾಸು ನಕ್ಕಿತು. ಸರ್ ಆಚೆ ತಿರುಗಿ ಯಾರಿಗೋ ಏನೋ ವಿವರಿಸುತ್ತಿದ್ದರು. ಈಚೆ ನೋಡುವಷ್ಟರಲ್ಲಿ ಚೂಟಿ ಸಾಕ್ಸ್ ಹಾಕಿಕೊಂಡಾಗಿತ್ತು. "ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ" ಎಂದು ಹಿಂದಿನಿಂದ ಯಾರೋ ಅಂದರು. ಮಾತು ನಾಟಿತು. ಕಂಡದ್ದು ಹೆಬ್ಬೆರಳೋ ನನ್ನ ಹೊಟ್ಟೆಕಿಚ್ಚೋ ಎಂದು ನನಗೇ ಅನುಮಾನವಾಯಿತು.

ಸಂಜೆ ಬಟ್ಟೆ ಒಣಹಾಕುವ ಮಹಡಿಯಲ್ಲಿ ಅವಳೇ ಮಾತು ತೆಗೆದಳು.

"ನೀನು ಸರಿಯಾಗೇ ನೋಡ್ದೆ ಅಕ್ಕ. ಎಂಟು ತಿಂಗಳಾಯ್ತು. ಮೊದಲು ಒಂದು ಕಣ್ಣು ಮಂಜಾಯ್ತು, ಆಮೇಲೆ ಕಾಲು ಸೋತಿತು. ನರದ ಮೇಲಿನ ಹೊದಿಕೆ ಕೆಡೋ ಕಾಯಿಲೆ. ಬೇರೆ ಆಸ್ಪತ್ರೇಲಿ ತೋರಿಸ್ತಿದೀನಿ, ಇಂಜೆಕ್ಷನ್ ನಡೀತಿದೆ. ಅಮ್ಮನಿಗೆ ಮಾತ್ರ ಗೊತ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಹೊಟ್ಟೆ ಉರ್ಕೊಳ್ಳೋದು ಬಿಟ್ಟು ಕನಿಕರ ಪಡೋಕೆ ಶುರು ಮಾಡ್ತೀಯ ಅಂತ." ಒದ್ದೆ ಟವೆಲ್ ಕೊಡವಿ ತಂತಿಗೆ ಹಾಕಿದಳು. "ಈ ಪಾಠ ನಂಗೆ ಹೇಗೆ ಬರುತ್ತೆ ಅಂತ ಕೇಳ್ತಿದ್ಯಲ್ಲ. ರೋಗಿಗಳು ಏನು ಹೇಳ್ತಾರೆ ಅಂತ ನಂಗೆ ಮೊದಲೇ ಗೊತ್ತಿರುತ್ತೆ, ಅಷ್ಟೇ."

ನನಗೆ ಅಳು ಬಂತು. ಆದರೆ ಅಳುವಿಗೂ ಮೊದಲು ಬಂದದ್ದು, ನಾಚಿಕೆಯಾದರೂ ಹೇಳಬೇಕು, ಹೊಟ್ಟೆಕಿಚ್ಚೇ. ನನಗೆ ಬರೀ ಪುಸ್ತಕ, ಇವಳಿಗೆ ರೋಗವೇ ಮೇಷ್ಟ್ರು. ಯಾರಿಗೂ ಹೇಳಬೇಡ ಎಂದು ಅವಳು ಕೇಳಲೂ ಇಲ್ಲ.

ಮೂರನೆಯ ದಿನ ಸರ್ ನನ್ನೊಬ್ಬಳನ್ನೇ ತಮ್ಮ ಕೋಣೆಗೆ ಕರೆದರು.

"ನಿಮ್ಮಿಬ್ಬರಲ್ಲೇ ಒಬ್ಬರನ್ನ ಆರಿಸಬೇಕು. ಅವಳು ಮೆಟ್ಟಿಲು ಇಳಿಯುವಾಗ ಕಂಬಿ ಹಿಡೀತಾಳೆ, ಗಮನಿಸಿದೀನಿ. ವಾರ್ಡಲ್ಲಿ ದಿನವಿಡೀ ನಿಂತೇ ಇರೋ ಕೆಲಸ. ಕಾಲಲ್ಲಿ ದೋಷ ಇದ್ರೆ ತಗೊಳ್ಳೋಕಾಗಲ್ಲ. ಮತ್ತೆ ಮಲಗು ಅಂದ್ರೆ ಅವಳು ಒಪ್ಪಲ್ಲ. ಅವತ್ತು ನಾನು ನೋಡಲಿಲ್ಲ, ನೀನು ನೋಡಿದೀಯ. ಹೆಬ್ಬೆರಳು ಎತ್ತ ಹೋಯ್ತು?"

ಒಂದು ಮಾತು ಸಾಕಿತ್ತು. ಅದೂ ನಿಜವಾದ ಮಾತು. ನಾಲಿಗೆಯ ತುದಿಗೇ ಬಂದಿತ್ತು.

"ಕೆಳಕ್ಕೆ ಸರ್. ನಾನೇ ತಪ್ಪು ಜಾಗದಲ್ಲಿ ಗೀರಿದ್ದೆ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಹಾಗಾದ್ರೆ ನೀನಿನ್ನೂ ಕಲಿಯೋದಿದೆ" ಅಂದರು.

ಜಾಗ ಚೂಟಿಗೆ ಸಿಕ್ಕಿತು. ಕ್ಲಾಸಿನವರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ, ಹೊಟ್ಟೆ ಧಗಧಗ ಉರಿಯುತ್ತಲೇ ಇತ್ತು. ನಾನು ಸುಳ್ಳು ಹೇಳಿದ್ದು ಒಳ್ಳೆಯವಳು ಅಂತಲ್ಲ. ಅವಳನ್ನು ಸೋಲಿಸಬೇಕಾದವಳು ನಾನು. ಆ ಕೆಲಸವನ್ನು ರೋಗಕ್ಕೆ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.